ಇಟ್ಟಿಗೆ ಹಾಸ್ಟೆಲ್ಲಿಗೆ ಹೊಸ ವೈರು, ಹೊಸ ಪೈಪು



ಹೋದ ತಿಂಗಳ ಒಂದು ಭಾನುವಾರ 'ನಿಮ್ಮ ಹಾಸ್ಟೆಲ್ಲಿನ ದಿನಗಳು' ಎಂದು ವಿಷಯ ಕೊಟ್ಟು ಫೋನ್ ಸಾಲು ತೆರೆದದ್ದು ನಿಮಗೆ ನೆನಪಿರಬಹುದು. ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಎರಡು ಗಂಟೆಗಾಗುವಷ್ಟು ಕರೆಗಳು ಬಂದವು. ಬೊರಿವಲಿಯ ಹಿರಿಯರೊಬ್ಬರು ಮೂವತ್ತು ವರ್ಷಗಳ ನಂತರ ಹೆಂಡತಿಯನ್ನು ಕರೆದುಕೊಂಡು ತಮ್ಮ ಹಳೆಯ ಹಾಸ್ಟೆಲ್ ತೋರಿಸಲು ಊರಿಗೆ ಹೋದರಂತೆ. ಕಟ್ಟಡವೇ ಇರಲಿಲ್ಲ. "ಅಮ್ಮಾ, ನಾನು ಸುಳ್ಳು ಹೇಳಿದೆ ಅಂತ ಅವಳು ಅಂದುಕೊಂಡಳೋ ಏನೋ" ಎಂದು ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೇಡಿಯೋದಲ್ಲಿ ಮೌನ ಎಂದರೆ ನಮಗೆ ಜೀವ ಹೋದ ಹಾಗೆ, ಆದರೂ ಅವತ್ತು ನಾನು ಅದನ್ನು ತುಂಬಲು ಹೋಗಲಿಲ್ಲ. ಅವರ ಬೆನ್ನಿಗೇ ಡೊಂಬಿವಲಿಯಿಂದ ಇನ್ನೊಬ್ಬರು ಕರೆ ಮಾಡಿದರು. "ನಮ್ಮ ಹಾಸ್ಟೆಲ್ ಕೆಡವಿದ್ದು ಪುಣ್ಯದ ಕೆಲಸ ಕಣಮ್ಮ. ಮಳೆಗಾಲದಲ್ಲಿ ನಾವು ಮಂಚದ ಮೇಲೆ ಛತ್ರಿ ಬಿಚ್ಚಿಟ್ಟು ಮಲಗ್ತಿದ್ವಿ" ಎಂದರು.

ಇಬ್ಬರ ಮಾತೂ ನಿಜ. ಇಬ್ಬರ ನಡುವಿನ ಈ ಜಗಳ ನಮ್ಮ ದೇಶದಲ್ಲಿ ದೊಡ್ಡ ಮಟ್ಟದಲ್ಲಿ ನಡೆದದ್ದು ಅಹಮದಾಬಾದಿನಲ್ಲಿ. ಅಲ್ಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್, ಅಂದರೆ ಐಐಎಂನ ಕೆಂಪು ಇಟ್ಟಿಗೆಯ ಹಾಸ್ಟೆಲ್ಲುಗಳ ಕಥೆ ಅದು. ಕಾರ್ಯಕ್ರಮದಲ್ಲಿ ಹೇಳಲು ಹೊತ್ತು ಸಾಲದೆ 'ಪತ್ರಿಕೆಯಲ್ಲಿ ಬರೆಯುತ್ತೇನೆ' ಎಂದು ಮಾತು ಕೊಟ್ಟಿದ್ದೆ. ಇಗೋ ಬರೆದಿದ್ದೇನೆ.

ಆ ಸಂಸ್ಥೆ ಹುಟ್ಟಿದ್ದು 1961ರ ಡಿಸೆಂಬರಿನಲ್ಲಿ. ವಿಜ್ಞಾನಿ ವಿಕ್ರಂ ಸಾರಾಭಾಯಿ, ಗಿರಣಿ ಉದ್ಯಮಿ ಕಸ್ತೂರಭಾಯಿ ಲಾಲಭಾಯಿ ಮುಂತಾದವರ ಉತ್ಸಾಹ ಅದರ ಹಿಂದಿತ್ತು. ಪಾಠದ ಕ್ರಮ ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನದು. ಒಂದು ಕಂಪೆನಿಯ ನಿಜವಾದ ಸಮಸ್ಯೆಯನ್ನು ಹುಡುಗರ ಮುಂದಿಟ್ಟು, ವಾದ ಮಾಡಿಸಿ ಕಲಿಸುವ ರೀತಿ ಅದು. ಕಟ್ಟಡದ ಕೆಲಸಕ್ಕೆ ಊರಿನ ಯುವ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರನ್ನು ಕೇಳಿದರು. ದೋಶಿ ತಾವೇ ಆ ಕೆಲಸ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಳ್ಳಲಿಲ್ಲ. ಫಿಲಡೆಲ್ಫಿಯಾದ ಲೂಯಿ ಕಾನ್ ಹೆಸರು ಹೇಳಿ, ತಾವು ಅವರ ಜೊತೆಗಾರರಾಗಿ ನಿಂತರು. ತನ್ನ ಕೈಗೆ ಬಂದ ದೊಡ್ಡ ಕೆಲಸವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವವರು ಯಾವ ವೃತ್ತಿಯಲ್ಲೂ ಅಪರೂಪ. ನಮ್ಮ ರೇಡಿಯೋದಲ್ಲಂತೂ ಒಂದು ಕಂತನ್ನೂ ಬಿಟ್ಟುಕೊಡುವುದಿಲ್ಲ ನಾವು!

ಲೂಯಿ ಕಾನ್ 1962ರಲ್ಲಿ ಕೆಲಸ ಒಪ್ಪಿಕೊಂಡರು. ಅಹಮದಾಬಾದಿನಲ್ಲಿ ಆಗ ಉಕ್ಕು, ಸಿಮೆಂಟು ದುಬಾರಿ, ಇಟ್ಟಿಗೆ ಅಗ್ಗ. ಗೂಡಿನಿಂದ ಬಂದ ಇಟ್ಟಿಗೆಯನ್ನೇ, ಮೇಲೆ ಗಾರೆ ಬಳಿಯದೆ, ಬಣ್ಣ ಹಚ್ಚದೆ ಹಾಗೇ ನಿಲ್ಲಿಸುವುದೆಂದು ತೀರ್ಮಾನವಾಯಿತು. ಕಾನ್ ಇಟ್ಟಿಗೆಯ ಜೊತೆ ಮಾತಾಡುತ್ತಿದ್ದರು, ನಿನಗೇನು ಬೇಕು ಎಂದು ಕೇಳಿದರೆ ಅದು ಕಮಾನು ಬೇಕು ಅನ್ನುತ್ತಿತ್ತು ಎಂಬ ಕಥೆ ವಾಸ್ತುಶಿಲ್ಪ ಓದುವ ಹುಡುಗರೆಲ್ಲ ಹೇಳುತ್ತಾರೆ. ಕಮಾನಿಗೆ ಒಂದು ಸ್ವಭಾವ ಇದೆ. ಮೇಲಿನ ಭಾರಕ್ಕೆ ಅದು ತನ್ನ ಎರಡು ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಚಪ್ಪಟೆ ಕಮಾನಾದರೆ ಇನ್ನೂ ಜೋರಾಗಿ ತಳ್ಳುತ್ತದೆ. ಕಾನ್ ಅದರ ಬುಡಕ್ಕೆ ಕಾಂಕ್ರೀಟಿನ ಒಂದು ಅಡ್ಡ ತೊಲೆ ಕೊಟ್ಟು, ಬಿಲ್ಲಿಗೆ ಹೆದೆ ಬಿಗಿದ ಹಾಗೆ ಎರಡೂ ತುದಿಗಳನ್ನು ಹಿಡಿದಿಟ್ಟರು. ಆ ಕೆಂಪು ಗೋಡೆ, ದೊಡ್ಡ ದೊಡ್ಡ ದುಂಡು ಕಿಂಡಿಗಳು, ಬೂದು ಬಣ್ಣದ ತೊಲೆ, ಇಷ್ಟನ್ನು ಪ್ರಪಂಚದ ಯಾವ ವಾಸ್ತುಶಿಲ್ಪ ಪುಸ್ತಕದಲ್ಲಿ ಕಂಡರೂ ಇದು ಅಹಮದಾಬಾದ್ ಎಂದು ಗುರುತು ಹಿಡಿಯಬಹುದು.

ಹಾಸ್ಟೆಲ್ಲುಗಳು ಒಟ್ಟು 18. ಅಲ್ಲಿಯವರು ಅವನ್ನು 'ಡಾರ್ಮ್' ಅನ್ನುತ್ತಾರೆ. 1960ರ ದಶಕದ ಕೊನೆಯಿಂದ ಹತ್ತು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಎದ್ದವು. ನಾನು 2018ರ ಡಿಸೆಂಬರಿನಲ್ಲಿ ಹೋಗಿದ್ದೆ. ಚಿಕ್ಕಪ್ಪನ ಮಗ ಒಂದು ತರಬೇತಿಗಾಗಿ ಅಲ್ಲಿದ್ದ. "ಅಕ್ಕಾ, ಇಲ್ಲಿ ಕಾರಿಡಾರೇ ಇಲ್ಲ ನೋಡು" ಎಂದು ಅವನು ತೋರಿಸಿದ ಮೇಲೆಯೇ ನನಗದು ಹೊಳೆದದ್ದು. ನಮ್ಮ ಹಾಸ್ಟೆಲ್ ಎಂದರೆ ಉದ್ದನೆಯ ಓಣಿ, ಎರಡೂ ಕಡೆ ಬಾಗಿಲು, ಕೊನೆಯಲ್ಲಿ ಬಚ್ಚಲು. ಇಲ್ಲಿ ಹಾಗಲ್ಲ. ಹತ್ತು ಕೋಣೆಗಳ ಒಂದೊಂದು ಗುಂಪು, ನಡುವೆ ಮೆಟ್ಟಿಲು ಮತ್ತು ಚಹಾ ಕುಡಿಯುತ್ತಾ ಕೂರುವ ಒಂದು ಪಡಸಾಲೆ. ಕೋಣೆಯಿಂದ ಹೊರಬಂದರೆ ಯಾರಾದರೊಬ್ಬರ ಮುಖ ನೋಡಲೇಬೇಕು. ತರಗತಿಯ ವಾದ ಇಲ್ಲಿಯೂ ಮುಂದುವರಿಯಲಿ, ಪಾಠ ಗಂಟೆ ಹೊಡೆದ ಕೂಡಲೇ ಮುಗಿಯಬಾರದು ಎಂಬುದು ಕಾನ್ ಎಣಿಕೆ. ಗಾಳಿ ಸಿಗಲೆಂದು ಕಟ್ಟಡಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಕೋಣೆಗೂ ಬಿಸಿಲಿಗೂ ನಡುವೆ ಆಳವಾದ ನೆರಳಿನ ಜಾಗ ಬಿಟ್ಟಿದ್ದಾರೆ. ಅಹಮದಾಬಾದಿನ ಬೇಸಿಗೆ ಕಂಡವರಿಗೆ ಆ ನೆರಳಿನ ಬೆಲೆ ಗೊತ್ತು.

ಈ ಕೆಲಸದ ಮೇಲೆ ಓಡಾಡುತ್ತಲೇ ಕಾನ್ ತೀರಿಕೊಂಡರು. 1974ರ ಮಾರ್ಚಿಯಲ್ಲಿ ಅಹಮದಾಬಾದಿನಿಂದ ಮರಳುವಾಗ ನ್ಯೂಯಾರ್ಕಿನ ಪೆನ್ ಸ್ಟೇಷನ್ ರೈಲು ನಿಲ್ದಾಣದಲ್ಲಿ ಹೃದಯಾಘಾತವಾಯಿತು. ಇಂಥ ದೊಡ್ಡ ಮನುಷ್ಯನ ದೇಹ ಗುರುತು ಸಿಗದೆ ಎರಡು ದಿನ ಶವಾಗಾರದಲ್ಲಿತ್ತು. ಉಳಿದ ಕೆಲಸವನ್ನು ದೋಶಿ, ಅನಂತ ರಾಜೆ ಮುಂದುವರಿಸಿದರು.

ಇಷ್ಟು ಒಳ್ಳೆಯ ಕಟ್ಟಡಕ್ಕೆ ಕೇಡು ಎಲ್ಲಿಂದ ಬಂತು? ಮೊದಲನೆಯದು ನೀರು. ಗಾರೆ ಇಲ್ಲದ ಇಟ್ಟಿಗೆ ಮಳೆಯ ನೀರು ಕುಡಿಯುತ್ತದೆ. ಒಣಗುವಾಗ ಒಳಗಿನ ಉಪ್ಪನ್ನು ಮೈಮೇಲೆ ತಂದು ಬಿಡುತ್ತದೆ. ಗೋಡೆಯ ಮೇಲೆ ಬಿಳಿಯ ಪುಡಿ ಹೂ ಬಿಟ್ಟ ಹಾಗೆ ಕಾಣುವುದನ್ನು ನೀವೂ ನೋಡಿರುತ್ತೀರಿ. ಆ ಉಪ್ಪು ಇಟ್ಟಿಗೆಯ ಮೈಯನ್ನು ಪದರ ಪದರವಾಗಿ ಉದುರಿಸುತ್ತದೆ. ಎರಡನೆಯದು ಕಬ್ಬಿಣ. ಗೋಡೆಗೆ ಬಲ ಬರಲೆಂದು ಇಟ್ಟಿಗೆ ಕಟ್ಟಡದೊಳಗೆ ಕೂರಿಸಿದ್ದ ಸರಳುಗಳಿಗೆ ಆ ನೀರು ತಾಗಿತು. ಕಬ್ಬಿಣ ತುಕ್ಕು ಹಿಡಿದಾಗ ಸುಮ್ಮನೆ ಕೆಂಪಾಗುವುದಿಲ್ಲ, ಊದುತ್ತದೆ. ಮೊದಲಿದ್ದ ಗಾತ್ರದ ಎರಡು ಮೂರು ಪಟ್ಟು ಜಾಗ ಕೇಳುತ್ತದೆ. ಜಾಗ ಇಲ್ಲದಿದ್ದರೆ ಗೋಡೆಯನ್ನು ಒಳಗಿನಿಂದಲೇ ಸೀಳುತ್ತದೆ. ಬಲಕ್ಕೆಂದು ಇಟ್ಟದ್ದೇ ಬಿರುಕಿಗೆ ಕಾರಣವಾಯಿತು. ಮೂರನೆಯದು 2001ರ ಜನವರಿ 26ರ ಭುಜ್ ಭೂಕಂಪ. ಅಹಮದಾಬಾದಿನಲ್ಲಿ ಅವತ್ತು ಹೊಸ ಹೊಸ ಬಹುಮಹಡಿ ಕಟ್ಟಡಗಳೇ ಕುಸಿದು ಜನ ಸತ್ತರು. ಕಾನ್ ಕಟ್ಟಡಗಳು ನಿಂತವು, ಆದರೆ ಬಿರುಕು ಬಿಟ್ಟವು. ಆಮೇಲೆ ದೇಶದ ಭೂಕಂಪ ನಿಯಮಗಳೂ ಬಿಗಿಯಾದವು. 1960ರ ದಶಕದಲ್ಲಿ ಸರಿ ಎನಿಸಿದ್ದ ಗೋಡೆ ಹೊಸ ಲೆಕ್ಕದಲ್ಲಿ ಸಾಲದೆ ಬಂತು.

ಇನ್ನು ಒಳಗಿನ ಸೌಕರ್ಯದ ಮಾತು. ನಾನು ಬಿ.ಎ. ಓದುವಾಗ ಇದ್ದ ಹಾಸ್ಟೆಲ್ ಯಾವುದೆಂದು ಹೇಳುವುದಿಲ್ಲ. ಅಲ್ಲಿ ಹದಿನಾಲ್ಕು ಹುಡುಗಿಯರಿಗೆ ಇದ್ದದ್ದು ಒಂದು ಪ್ಲಗ್ಗು. ಯಾರಾದರೂ ಇಸ್ತ್ರಿಪೆಟ್ಟಿಗೆ ಹಚ್ಚಿದರೆ ಇಡೀ ಮಹಡಿಯ ಫ್ಯೂಸು ಹಾರುತ್ತಿತ್ತು. ಕನ್ನಡ ಸಾಹಿತ್ಯ ಚರಿತ್ರೆಯ ಅರ್ಧ ಭಾಗ ನಾನು ಮೇಣದ ಬತ್ತಿಯಲ್ಲೇ ಓದಿದ್ದು. ಆ ಕಾಲದ ಕಟ್ಟಡಗಳ ಲೆಕ್ಕವೇ ಹಾಗೆ: ಕೋಣೆಗೊಂದು ದೀಪ, ಒಂದು ಫ್ಯಾನು. ಈಗಿನ ವಿದ್ಯಾರ್ಥಿಗೆ ಕಂಪ್ಯೂಟರು ಬೇಕು, ಇಂಟರ್‌ನೆಟ್ ಕೇಬಲ್ ಬೇಕು, ಫೋನ್ ಚಾರ್ಜರ್ ಬೇಕು, ಬೇಸಿಗೆಗೆ ಎ.ಸಿ. ಬೇಕು, ಬಿಸಿನೀರು ಬೇಕು. ಬೆಂಕಿ ಬಿದ್ದರೆ ಎಚ್ಚರಿಸುವ ಗಂಟೆ, ನಡೆಯಲಾಗದವರಿಗೆ ಲಿಫ್ಟು, ಇಳಿಜಾರು ದಾರಿ ಬೇಕು. ಇವೆಲ್ಲ ಶೋಕಿ ಎಂದು ತಳ್ಳಿಹಾಕುವ ಹಿರಿಯರಿದ್ದಾರೆ. ಗಾಲಿ ಕುರ್ಚಿಯಲ್ಲಿ ಬರುವ ಹುಡುಗನಿಗೆ ಲಿಫ್ಟು ಶೋಕಿಯಲ್ಲ ಎಂದಷ್ಟೇ ನಾನು ಹೇಳುವುದು.

ಸಾಮಾನ್ಯ ಮನೆಯಲ್ಲಾದರೆ ಇದು ಕಷ್ಟವಲ್ಲ. ಮೇಸ್ತ್ರಿ ಬಂದು ಗೋಡೆ ಕೊರೆದು, ಪೈಪು, ವೈರು ಕೂರಿಸಿ, ಮೇಲೆ ಸಿಮೆಂಟು ಬಳಿದು, ಬಣ್ಣ ಹೊಡೆದು ಹೋಗುತ್ತಾನೆ. ಬೆತ್ತಲೆ ಇಟ್ಟಿಗೆಯ ಗೋಡೆಗೆ ಹಾಗೆ ಮಾಡುವುದಕ್ಕಿಲ್ಲ. ಒಮ್ಮೆ ಕೊರೆದರೆ ಆ ಗಾಯ ಕೊನೆಯವರೆಗೂ ಕಾಣುತ್ತದೆ. ಹೊರಗೆ ಎ.ಸಿ. ಪೆಟ್ಟಿಗೆ ನೇತುಹಾಕಿದರೆ ದುಂಡು ಕಿಂಡಿಯ ಮುಖಕ್ಕೆ ಕಜ್ಜಿ ಬಂದ ಹಾಗೆ. ವಿಚಿತ್ರ ಎಂದರೆ, ಪೈಪುಗಳ ಬಗ್ಗೆ ಪ್ರಪಂಚದಲ್ಲೇ ಅತಿ ಹೆಚ್ಚು ತಲೆ ಕೆಡಿಸಿಕೊಂಡ ವಾಸ್ತುಶಿಲ್ಪಿ ಈ ಕಾನ್. ಮನುಷ್ಯರಿರುವ ಜಾಗ ಬೇರೆ, ಅದಕ್ಕೆ ಸೇವೆ ಮಾಡುವ ಮೆಟ್ಟಿಲು, ಬಚ್ಚಲು, ಕೊಳವೆಗಳ ಜಾಗ ಬೇರೆ ಎಂದು ಅವರು ವಿಂಗಡಿಸಿದ್ದರು. ಫಿಲಡೆಲ್ಫಿಯಾದ ರಿಚರ್ಡ್ಸ್ ವೈದ್ಯಕೀಯ ಪ್ರಯೋಗಾಲಯದಲ್ಲಿ ಗಾಳಿಯ ಕೊಳವೆಗಳಿಗೆಂದೇ ಗೋಪುರಗಳನ್ನು ಕಟ್ಟಿದರು. ಅವರಿಗೆ ಕೊಳವೆಗಳೆಂದರೆ ಆಗುತ್ತಿರಲಿಲ್ಲ. ಆಗದವರಿಗೆ ಸರಿಯಾದ ಜಾಗ ಕೊಡದಿದ್ದರೆ ಮನೆಯೆಲ್ಲ ನುಗ್ಗುತ್ತಾರೆ ಎಂಬ ಲೆಕ್ಕ. ಅಹಮದಾಬಾದಿನಲ್ಲೂ ಮೆಟ್ಟಿಲು, ಬಚ್ಚಲುಗಳನ್ನು ಕೋಣೆಗಳಿಂದ ಬೇರೆಯಾಗಿಯೇ ಇಟ್ಟಿದ್ದಾರೆ. ಹೊಸ ಕೊಳವೆ, ಹೊಸ ವೈರು ಒಯ್ಯುವವರಿಗೆ ದಾರಿ ಇದ್ದರೆ ಅಲ್ಲೇ.

ಈ ದಾರಿ ಹುಡುಕುವ ಕೆಲಸ 2014ರಲ್ಲಿ ಸ್ಪರ್ಧೆಯ ಮೂಲಕ ಮುಂಬಯಿಯ ಸೋಮಯ್ಯ ಅಂಡ್ ಕಾಳಪ್ಪ ಸಂಸ್ಥೆಗೆ ಬಂತು. ಆ ಎರಡು ಹೆಸರು ಕೇಳಿದ ಕೂಡಲೇ ನಮ್ಮ ಕೊಡಗಿನ ಕೇಳುಗರ ಕಿವಿ ನೆಟ್ಟಗಾಗಿರಬೇಕು. ಸಂಸ್ಥೆಯನ್ನು ಕಟ್ಟಿದವರು ವಾಸ್ತುಶಿಲ್ಪಿ ಬೃಂದಾ ಸೋಮಯ್ಯ. ಅವರ ತಂಡ ಮೊದಲು ಕೈ ಹಾಕಿದ್ದು ಗ್ರಂಥಾಲಯಕ್ಕೆ. ವಿಕ್ರಂ ಸಾರಾಭಾಯಿ ಹೆಸರಿನ ಆ ಗ್ರಂಥಾಲಯದ ದುರಸ್ತಿ 2018ರಲ್ಲಿ ಮುಗಿಯಿತು, 2019ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂತು. ಹಾಸ್ಟೆಲ್ಲುಗಳ ಪೈಕಿ 15ನೇ ಡಾರ್ಮನ್ನು ಮಾದರಿಗೆಂದು ಎತ್ತಿಕೊಂಡರು. ಒಂದನ್ನು ಸರಿಮಾಡಿ ನೋಡೋಣ, ಅದರಲ್ಲಿ ಕಲಿತದ್ದನ್ನು ಉಳಿದವಕ್ಕೆ ಹಾಕೋಣ ಎಂಬುದು ಯೋಚನೆ. ಇಂಥ ಕೆಲಸ ನಿಧಾನದ್ದು. ಕೆಟ್ಟ ಇಟ್ಟಿಗೆಯನ್ನು ಒಂದೊಂದಾಗಿ ಬಿಡಿಸಿ, ಅದೇ ಅಳತೆಯ, ಅದೇ ಬಣ್ಣದ ಇಟ್ಟಿಗೆ ಸುಡಿಸಿ ತಂದು ಕೂರಿಸಬೇಕು. ಬಿರುಕಿಗೆ ಸಣ್ಣ ಕೊಳವೆಯಿಂದ ಗಾರೆಯ ರಸ ಇಳಿಸಬೇಕು. ತುಕ್ಕು ಹಿಡಿದ ಸರಳು ತೆಗೆದು ತುಕ್ಕು ಹಿಡಿಯದ್ದನ್ನು ಹಾಕಬೇಕು. ಚಾವಣಿಯ ಮೇಲೆ ನೀರು ನಿಲ್ಲದಂತೆ ಮಾಡಬೇಕು. ಅಜ್ಜಿಯ ಹಳೆ ಇಳಕಲ್ ಸೀರೆಗೆ ಒಳಗಿನಿಂದ ಜಾಲರಿ ಕೊಟ್ಟು ಹೊಲಿಯುವವರ ತಾಳ್ಮೆ ಬೇಕು.

ಹೀಗಿರುವಾಗ 2020ರ ಡಿಸೆಂಬರಿನಲ್ಲಿ, ಕೋವಿಡ್ ನಡುವೆ, ಸಂಸ್ಥೆಯ ನಿರ್ದೇಶಕರ ಪತ್ರವೊಂದು ಹಳೆಯ ವಿದ್ಯಾರ್ಥಿಗಳ ಕೈಗೆ ಬಂತು. 18 ಡಾರ್ಮ್‌ಗಳ ಪೈಕಿ 14ನ್ನು ಕೆಡವಿ ಹೊಸದಾಗಿ ಕಟ್ಟುವ ಯೋಚನೆ ಇದೆ ಎಂದು ಅದರಲ್ಲಿತ್ತು. ಕಾಂಕ್ರೀಟಿನ ಚೂರುಗಳು ಬೀಳುತ್ತಿವೆ, ಬಳಸಿದ ಇಟ್ಟಿಗೆಯ ದರ್ಜೆಯೇ ಸಾಲದು, ಮಕ್ಕಳ ಸುರಕ್ಷತೆ ಮುಖ್ಯ ಎಂಬುದು ಅದರ ಸಾರ. ಹೊಸ ವಿನ್ಯಾಸಕ್ಕೆ ಅರ್ಜಿ ಕರೆದದ್ದೂ ಆಯಿತು. ಪ್ರಪಂಚದ ಮೂಲೆ ಮೂಲೆಯಿಂದ ಕೂಗೆದ್ದಿತು. ವಾಸ್ತುಶಿಲ್ಪಿಗಳು, ಇತಿಹಾಸಕಾರರು ಸಹಿ ಸಂಗ್ರಹಿಸಿದರು. ಕಾನ್ ಅವರ ಮೂವರು ಮಕ್ಕಳು ಒಟ್ಟಾಗಿ ಪತ್ರ ಬರೆದರು. ಕೆಲವೇ ದಿನಗಳಲ್ಲಿ, 2021ರ ಜನವರಿ 1ರಂದು, ಸಂಸ್ಥೆ ಆ ಅರ್ಜಿಯ ಕರೆಯನ್ನು ಹಿಂತೆಗೆದುಕೊಂಡಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ನವೆಂಬರಿನಲ್ಲಿ ಇನ್ನೊಂದು ಪ್ರಕಟಣೆ ಬಂತು. ತಜ್ಞರಿಂದ ಪರೀಕ್ಷೆ ಮಾಡಿಸಿದ್ದೇವೆ, ದುರಸ್ತಿಯ ದಾರಿ ಸಾಗುವಂಥದ್ದಲ್ಲ, ಮರುನಿರ್ಮಾಣವೇ ಆಗಬೇಕು ಎಂದು. ಕೆಲವು ಕಟ್ಟಡಗಳಿಗೆ ಹೊರಗಿನ ಮುಖ ಮೊದಲಿನಂತೆಯೇ, ಒಳಗೆ ಹೊಸ ಅನುಕೂಲ ಎಂಬ ಸೂತ್ರ. ದೋಶಿ ಆಗ ತೊಂಬತ್ತೈದು ದಾಟಿದ್ದರು. 2023ರ ಜನವರಿಯಲ್ಲಿ ತೀರಿಕೊಂಡರು.

ಕಾನೂನು ಇರಲಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಪ್ರಾಚೀನ ಸ್ಮಾರಕಗಳ ಕಾಯಿದೆ ನೂರು ವರ್ಷ ದಾಟಿದ ಕಟ್ಟಡಗಳ ಕಡೆ ನೋಡುತ್ತದೆ. ಐವತ್ತು ವರ್ಷದ ಕಟ್ಟಡ ಮುದುಕನೂ ಅಲ್ಲ, ಮಗುವೂ ಅಲ್ಲ. ದೆಹಲಿಯ ಕೇಳುಗರಿಗೆ ಪ್ರಗತಿ ಮೈದಾನದ ಹಾಲ್ ಆಫ್ ನೇಷನ್ಸ್ ನೆನಪಿರಬೇಕು. ರಾಜ್ ರೇವಾಲ್ ವಿನ್ಯಾಸ, ಮಹೇಂದ್ರ ರಾಜ್ ಎಂಜಿನಿಯರಿಕೆ, 1972ರಲ್ಲಿ ಎದ್ದದ್ದು. ಅರವತ್ತು ವರ್ಷ ಆಗಿಲ್ಲ ಎಂಬ ಕಾರಣಕ್ಕೆ ಪರಂಪರೆಯ ಪಟ್ಟಿಗೆ ಸೇರಲಿಲ್ಲ, 2017ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ನೆಲಸಮವಾಯಿತು. ಅದೇ 2017ರಲ್ಲಿ ಅಹಮದಾಬಾದಿಗೆ ವಿಶ್ವ ಪರಂಪರೆಯ ನಗರ ಎಂಬ ಬಿರುದು ಬಂತು. ಆದರೆ ಆ ಗೌರವ ಕೋಟೆಯೊಳಗಿನ ಹಳೆ ಊರಿಗೆ. ಐಐಎಂ ಇರುವುದು ಸಾಬರಮತಿ ದಾಟಿ ಈಚೆ.

ಬೇರೆಯವರು ಏನು ಮಾಡಿದರು? ಹಾರ್ವರ್ಡಿನಲ್ಲೇ ನೋಡಿ. ಅಲ್ಲಿ 'ಹೌಸ್' ಎಂದು ಕರೆಯುವ ಇಟ್ಟಿಗೆಯ ವಿದ್ಯಾರ್ಥಿ ನಿವಾಸಗಳು 1930ರ ಹೊತ್ತಿನವು, ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಧನಿಕರ ದೇಣಿಗೆಯಿಂದ ಎದ್ದವು. 2010ರ ದಶಕದಲ್ಲಿ ಅವನ್ನು ಒಂದೊಂದಾಗಿ ಸರಿಮಾಡತೊಡಗಿದರು. ಒಂದು ಹೌಸಿಗೆ ಒಂದು ವರ್ಷಕ್ಕೂ ಮೀರಿ ಸಮಯ. ಅಷ್ಟು ದಿನ ಹುಡುಗರಿಗೆ ಹತ್ತಿರದ ಒಂದು ಹಳೆ ಹೋಟೆಲಿನಲ್ಲಿ, ಬೇರೆ ಮನೆಗಳಲ್ಲಿ ವಸತಿ. ಹೊರಗಿನ ಇಟ್ಟಿಗೆ, ಕಿಟಕಿ, ಗೋಪುರ ಹಾಗೆಯೇ. ಒಳಗೆ ಹೊಸ ವಿದ್ಯುತ್ತು, ನೀರು, ಬೆಂಕಿ ಆರಿಸುವ ತುಂತುರು, ಲಿಫ್ಟು. ಒಂದು ಬದಲಾವಣೆ ಮಾತ್ರ ನನಗೆ ಚುಚ್ಚಿತು. ಹಳೆಯ ಕ್ರಮದಲ್ಲಿ ಒಂದೊಂದು ಮೆಟ್ಟಿಲಿಗೆ ಒಂದೊಂದು ಗುಂಪಿನ ಕೋಣೆಗಳಿದ್ದವು. ಲಿಫ್ಟು ಎಲ್ಲರಿಗೂ ಸಿಗಬೇಕಾದರೆ ಅವನ್ನು ಜೋಡಿಸುವ ಓಣಿ ಬೇಕು. ಹಾಗಾಗಿ ಓಣಿ ಬಂತು. ಕಾನ್ ಬೇಡವೆಂದು ಬಿಟ್ಟದ್ದನ್ನೇ ಅಲ್ಲಿ ಅನಿವಾರ್ಯವಾಗಿ ತಂದರು. ತಪ್ಪು ಎನ್ನಲು ಬಾಯಿ ಬರುವುದಿಲ್ಲ, ಏನೂ ಕಳೆದುಕೊಳ್ಳಲಿಲ್ಲ ಎನ್ನಲೂ ಬರುವುದಿಲ್ಲ.

ವರ್ಜೀನಿಯಾ ವಿಶ್ವವಿದ್ಯಾಲಯದ ಕಥೆ ಇದಕ್ಕೆ ತಿರುಗುಮುರುಗು. ಥಾಮಸ್ ಜೆಫರ್ಸನ್ ರೂಪಿಸಿದ ಅಂಗಳದ ಸುತ್ತ 54 ಕೋಣೆಗಳಿವೆ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಕೋಣೆಗೊಂದು ಬೆಂಕಿಗೂಡು ಇದೆ, ಬಚ್ಚಲಿಗೆ ಮಾತ್ರ ಹೊರಗೆ ನಡೆದು ಹೋಗಬೇಕು. ಚಳಿಗಾಲದಲ್ಲಿ ಟವೆಲ್ ಸುತ್ತಿಕೊಂಡು ಓಡುತ್ತಾರೆ. ಆದರೂ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅಲ್ಲಿ ಕೋಣೆ ಸಿಗುವುದೆಂದರೆ ಬಹುಮಾನ ಸಿಕ್ಕ ಹಾಗೆ. ಸೌಕರ್ಯ ಕಡಿಮೆ ಇದ್ದರೂ ಜನ ಇರಲು ಮುಗಿಬೀಳುತ್ತಾರೆ ಎಂದಾಯಿತು. ಚಾವಣಿ ತಲೆಯ ಮೇಲೆ ಬೀಳಬಾರದು ಅಷ್ಟೇ.

ದೋಶಿಯವರು ಅಹಮದಾಬಾದಿನಲ್ಲಿ ಕಲಿತದ್ದನ್ನು ನಮ್ಮ ಬೆಂಗಳೂರಿಗೂ ತಂದರು ಎಂಬುದು ನನಗೆ ಈ ಕಥೆಯಲ್ಲಿ ಇಷ್ಟವಾದ ಭಾಗ. ಬನ್ನೇರುಘಟ್ಟ ರಸ್ತೆಯ ಐಐಎಂ ಅವರ ವಿನ್ಯಾಸ. 'ತ್ರೀ ಈಡಿಯಟ್ಸ್' ಸಿನಿಮಾದ ಕಾಲೇಜು ಎಂದರೆ ತಟ್ಟನೆ ಗೊತ್ತಾಗುತ್ತದೆ. ಅಲ್ಲಿ ಇಟ್ಟಿಗೆ ಇಲ್ಲ. ಬೆಂಗಳೂರಿನ ಸುತ್ತ ಸಿಗುವ ಬೂದು ಕಲ್ಲು. ಅದು ಉಪ್ಪು ಉಗುಳುವುದಿಲ್ಲ, ಮಳೆಗೆ ಅಂಜುವುದಿಲ್ಲ. ಅರ್ಧ ಬಿಸಿಲು, ಅರ್ಧ ನೆರಳಿನ ಓಣಿಗಳು, ಚಪ್ಪರದ ಹಾಗೆ ಮೇಲೆ ತೊಲೆಗಳು, ಬಳ್ಳಿ. ಗುರುವಿಗೆ ಬೇಡವಾದ ಓಣಿಯನ್ನೇ ಶಿಷ್ಯ ಹೀಗೆ ಹರಟೆಯ ಜಾಗ ಮಾಡಿಬಿಟ್ಟರು.

ನನ್ನ ಅಭಿಪ್ರಾಯ ಕೇಳಿದರೆ, ಮಲಗಿದ ಮಗುವಿನ ಮೇಲೆ ಕಾಂಕ್ರೀಟಿನ ಚೂರು ಬೀಳಬಹುದು ಎಂದು ಗೊತ್ತಿದ್ದೂ ಸುಮ್ಮನಿರುವ ನಿರ್ದೇಶಕರು ಯಾರೂ ಇರಬಾರದು. ಆ ಪತ್ರ ಬರೆದವರ ಭಯ ಸುಳ್ಳಲ್ಲ. ಹುಡುಗರನ್ನು ಮೊದಲು ಅಲ್ಲಿಂದ ಎಬ್ಬಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಜಾಗವೂ ಇತ್ತು. ರಸ್ತೆಯ ಆಚೆ ಹೊಸ ಕ್ಯಾಂಪಸ್ ಎದ್ದು, ನೆಲದಡಿಯ ದಾರಿಯಿಂದ ಹಳೆಯದಕ್ಕೆ ಸೇರಿಕೊಂಡು ವರ್ಷಗಳಾಗಿದ್ದವು. ಆದರೆ ಎಬ್ಬಿಸುವುದು ಬೇರೆ, ಕೆಡವುವುದು ಬೇರೆ. ಒಂದು ಡಾರ್ಮನ್ನು ಸರಿಮಾಡಿ, ಅದರಲ್ಲೂ ತೊಂದರೆ ಪೂರ್ತಿ ನೀಗಲಿಲ್ಲ ಎಂದಾಗ, ಎರಡನೆಯದನ್ನು ಇನ್ನೊಂದು ರೀತಿಯಲ್ಲಿ ಮಾಡಿ ನೋಡುವುದು ಕಲಿಕೆಯ ಕ್ರಮ. ಒಂದೇ ಕಂಪೆನಿಯ ಕಥೆಯಿಂದ ತೀರ್ಮಾನಕ್ಕೆ ಬರಬೇಡಿ ಎಂದು ಅದೇ ಕ್ಲಾಸುಗಳಲ್ಲಿ ಪಾಠ ಹೇಳುತ್ತಾರಲ್ಲವೇ? ಇನ್ನು ಹೊರಗಿನ ಮುಖ ಉಳಿಸಿ ಒಳಗೆ ಬೇರೆ ಮಾಡುವ ಸೂತ್ರ. ಆ ಹತ್ತು ಬಾಗಿಲು, ನಡುವಿನ ಚಹಾದ ಪಡಸಾಲೆ ಹೋದ ಮೇಲೆ ದುಂಡು ಕಿಂಡಿ ಉಳಿದು ಯಾರಿಗೆ ಏನು?

ಡೊಂಬಿವಲಿಯವರು ಇದನ್ನು ಓದಿ ನನ್ನ ಮೇಲೆ ಸಿಟ್ಟಾಗಬಹುದು. ಛತ್ರಿಯ ಕೆಳಗೆ ಮಲಗಿದವರು ಅವರು, ನಾನಲ್ಲ. ಅವರ ಉತ್ತರ ಬಂದರೆ ಅದನ್ನೂ ಇದೇ ಪುಟದಲ್ಲಿ ಹಾಕುತ್ತೇವೆ. ಅಹಮದಾಬಾದಿನ ಆ ಕೋಣೆಗಳಲ್ಲಿ ಇದ್ದು ಓದಿ, ಈಗ ಮುಂಬಯಿ, ಪುಣೆ, ಹೈದರಾಬಾದಿನ ಕಚೇರಿಗಳಲ್ಲಿರುವ ಕನ್ನಡಿಗರು ನಮ್ಮ ಕೇಳುಗರಲ್ಲೂ ಇದ್ದೇ ಇರಬೇಕು. ಬರುವ ತಿಂಗಳ ಮೂರನೇ ಭಾನುವಾರ ಬೆಳಿಗ್ಗೆ ಫೋನ್ ಸಾಲು ಮತ್ತೆ ತೆರೆದಿರುತ್ತದೆ. ನಿಮ್ಮ ಡಾರ್ಮಿನ ನಂಬರು ಹೇಳಿ, ನಿಮ್ಮ ಪಡಸಾಲೆಯಲ್ಲಿ ರಾತ್ರಿ ಚಹಾ ಮಾಡುತ್ತಿದ್ದವರು ಯಾರೆಂದು ಹೇಳಿ. ಹಾಡು ನಾವು ಹಾಕುತ್ತೇವೆ.